ಮರ್ವ್ ಹಾಕಿಂಗನ ಬಲಗಾಲು

ಮಂಗಳವಾರ, 31 ಮೇ 2016

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗೆ ಬಂದರೆ ಬರಲಿ, ಓದುವವಳು ನಾನೊಬ್ಬಳೇ.

ಬೆಳಿಗ್ಗೆ ಹಾಲು ತರಲು ಹೋದರೆ ನೋಲಾ ಬೇಟ್ ಬಸ್ ಸ್ಟಾಪಿನಲ್ಲಿ ನಿಂತಿದ್ದಾಳೆ. ತಲೆಗೆ ಉಣ್ಣೆ ಟೋಪಿ, ಕಂಕುಳಲ್ಲಿ ಒಂದು ದಿಂಬು. ಪ್ರತಿ ಮಂಗಳವಾರ ಅವಳು ಕ್ಯಾನ್ಸರಿನ ಕೀಮೋಗೆ ಅಡಿಲೇಡಿನ ಆಸ್ಪತ್ರೆಗೆ ಹೋಗಬೇಕು. ನಮ್ಮೂರು ವಾಲರೂದಿಂದ ನೂರ ಅರವತ್ತು ಕಿಲೋಮೀಟರು ಹೋಗೋದು, ನೂರ ಅರವತ್ತು ಬರೋದು. ಇವಳಂಥವರಿಗೆ ಅಂತಲೇ ಊರಲ್ಲಿ ನೆರೆಹೊರೆ ಕಾರು ಇದೆ. ಹೈಬ್ರಿಡ್ ಕಾರು, ಅರ್ಧ ಬ್ಯಾಟರಿ ಅರ್ಧ ಪೆಟ್ರೋಲ್. ಓಡಿಸೋಕೆ ನಾವು ನಾಲ್ಕು ಜನ ಪುಕ್ಕಟೆ ಡ್ರೈವರುಗಳು.

"ಏನೇ ನೋಲಾ, ಕಾರೆಲ್ಲಿ?" ಅಂದೆ.

"ತಿಂಗಳ ಪೆಟ್ರೋಲ್ ಮುಗೀತಂತೆ ಗ್ವೆನ್. ನಾಳೆ ಒಂದನೇ ತಾರೀಕಿಂದ ಓಡತ್ತಂತೆ. ಇರ್ಲಿ ಬಿಡು, ಬಸ್ಸೇನು ಕಚ್ಚಲ್ಲ."

ಕಚ್ಚಲ್ಲವಂತೆ! ಕೀಮೋ ಮುಗಿಸಿ ಬರುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು ಬರಬೇಕು ಅವಳು.

ತಿಂಗಳಿಗೆ ಇನ್ನೂರ ನಲವತ್ತು ಲೀಟರ್ ದಾನ ಬರುತ್ತದೆ, ಅದರ ಮೇಲೆ ಒಂದು ಹನಿ ಇಲ್ಲ. ಆ ಕಾರು ನನ್ನ ಕೈಯಲ್ಲಿ ನೂರು ಕಿಲೋಮೀಟರಿಗೆ ನಾಲ್ಕೂವರೆ ಲೀಟರ್ ಕುಡಿಯುತ್ತದೆ. ಮರ್ವ್ ಹಾಕಿಂಗನ ಕೈಯಲ್ಲಿ ಆರೂ ಮುಕ್ಕಾಲು. ಹತ್ತು ಟ್ರಿಪ್ಪಿನಲ್ಲಿ ಏಳು ಅವನದ್ದೇ. ಕೈಯಲ್ಲಿ ಅಂದೆನಲ್ಲ, ತಪ್ಪು. ಎಲ್ಲಾ ಆ ಬಲಗಾಲಿನಲ್ಲಿರೋದು. ನಲವತ್ತೊಂದು ವರ್ಷ ಗೋಧಿ ಲಾರಿ ಓಡಿಸಿದವನು, ಎಪ್ಪತ್ತೊಂಬತ್ತಾದರೂ ಪೆಡಲನ್ನು ಜಿರಳೆ ತುಳಿದ ಹಾಗೆ ತುಳಿಯುತ್ತಾನೆ.

ಗುರುವಾರ, 2 ಜೂನ್

ನೆರೆಹೊರೆ ಕಾರಿನ ಸಭೆಯಲ್ಲಿ ಹೇಳಿಯೇಬಿಟ್ಟೆ. ಪೆಡಲ್ ಕೆಳಗೆ ಮೊಟ್ಟೆ ಇದೆ ಅಂದ್ಕೊಂಡು ಓಡಿಸಿ, ಹನ್ನೆರಡು ಟ್ರಿಪ್ಪಿನ ಪೆಟ್ರೋಲಲ್ಲಿ ಹದಿನಾರು ಟ್ರಿಪ್ ಹೊಡೀಬಹುದು ಅಂತ. ಕಾಗದದ ಮೇಲೆ ಲೆಕ್ಕ ಬರೆದುಕೊಂಡು ಹೋಗಿದ್ದೆ.

ಮರ್ವ್ ಬಾಯ್ತುಂಬ ಮಾಂಸ ತುಂಬಿದ ಪೇಸ್ಟಿ ಇಟ್ಟುಕೊಂಡೇ, "ಗ್ವೆನ್, ನಿನ್ನ ಹಿಂದೆ ಕಾರಲ್ಲಿ ಬಂದ್ರೆ ದಾರೀಲಿ ಗೋಧಿ ಬಿತ್ತಿ, ಕೊಯ್ಲೂ ಮುಗಿಸಿ, ಊಟಕ್ಕೆ ಮನೆಗೆ ಹೋಗ್ಬಹುದು ಮಾರಾಯ್ತಿ" ಅಂದ. ಎಲ್ಲರೂ ನಕ್ಕರು. ನೋಲಾಳೂ ನಕ್ಕಳು! ಅವಳಿಗೋಸ್ಕರ ತಾನೆ ನಾನು ಗಂಟಲು ಹರಿದುಕೊಂಡಿದ್ದು?

ಡಿಯಾನ್ ಪಾಸ್ಕೊ ಈ ಕಾರಿನ ಉಸ್ತುವಾರಿ. ಒಳ್ಳೆಯ ಹುಡುಗಿ, ಐವತ್ತು ವರ್ಷ, ಯಾರಿಗೂ ಬೇಜಾರು ಮಾಡಲಾರಳು. "ಗ್ವೆಂಡಾ ಹೇಳೋದ್ರಲ್ಲಿ ಅರ್ಥ ಇದೆ, ಎಲ್ರೂ ಸ್ವಲ್ಪ ಸ್ವಲ್ಪ ಪ್ರಯತ್ನ ಮಾಡೋಣ, ಅಲ್ವಾ?" ಅಂದಳು. ಸ್ವಲ್ಪ ಸ್ವಲ್ಪವಂತೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತೆಂಟು ವರ್ಷ ತಂತಿ ಕೆಲಸ ಮಾಡಿದವಳು ನಾನು, ಈ ಜಿಲ್ಲೆಗೇ ಮೊದಲ ಹೆಂಗಸು. ಅಲ್ಲೂ ಹೀಗೇ ನಗುತ್ತಿದ್ದರು, ಆಮೇಲೆ ಲೈನು ಕೆಟ್ಟಾಗ ನನ್ನನ್ನೇ ಕರೆಯುತ್ತಿದ್ದರು.

ಕಾಲು ಕೇಳದಿದ್ದರೆ ಬೇಡ. ಕಾಲಿನ ಹತ್ತಿರ ಮಾತಾಡೋ ದರ್ದು ನನಗಿಲ್ಲ.

ಭಾನುವಾರ, 5 ಜೂನ್

ಪೆಡಲಿಗೂ ಕಾರಿನ ಕಂಪ್ಯೂಟರಿಗೂ ನಡುವೆ ಕೂರಿಸೋ ಡಬ್ಬಿ ತಯಾರು. ಪೆಪ್ಪರ್‌ಮಿಂಟಿನ ತಗಡು ಡಬ್ಬಿಯೊಳಗೆ ಎಲ್ಲಾ ಹಿಡಿಯಿತು.

ಹಳೇ ಕಾರುಗಳ ಹಾಗೆ ಇದರಲ್ಲಿ ಪೆಡಲ್ ಯಾವ ತಂತಿಯನ್ನೂ ಎಳೆಯೋದಿಲ್ಲ. ಕಾಲು ಎಷ್ಟು ಕೇಳಿತು ಅಂತ ಬರೀ ವೋಲ್ಟೇಜಿನಲ್ಲಿ ಕಂಪ್ಯೂಟರಿಗೆ ಸುದ್ದಿ ಹೋಗುತ್ತದೆ. ಅದೂ ಎರಡು ದಾರಿಯಲ್ಲಿ ಹೋಗುತ್ತದೆ, ಒಂದು ಸುಳ್ಳಾಡಿದರೆ ಇನ್ನೊಂದು ಹಿಡಿದುಕೊಡಲಿ ಅಂತ. ಎರಡು ವರ್ಷದ ಹಿಂದೆ ನನ್ನ ಸ್ವಂತ ಕಾರಿಗೆ ಇಂಥದ್ದೇ ಡಬ್ಬಿ ಮಾಡಿಕೊಂಡಾಗ ಒಂದೇ ದಾರಿ ತಿದ್ದಿ, ಕಾರು ಕೆಂಪು ದೀಪ ಹಾಕಿಕೊಂಡು ಆಮೆ ಹಾಗೆ ತೆವಳಿತ್ತು. ಈಗ ಬುದ್ಧಿ ಬಂದಿದೆ, ಎರಡೂ ದಾರಿಯಲ್ಲಿ ಒಂದೇ ಸುಳ್ಳು. ಕಾಲು ನಾಲ್ಕು ಕೇಳಿದರೆ ಡಬ್ಬಿ ಎರಡೂವರೆ ಅನ್ನುತ್ತದೆ. ಕಾರು ಮೆಲ್ಲಗೆ ಎದ್ದು ಹೊರಡುತ್ತದೆ, ಬ್ಯಾಟರಿಯಲ್ಲೇ ಹೆಚ್ಚು ಹೊತ್ತು ನಡೆಯುತ್ತದೆ. ಯಾರಾದರೂ ಪೂರ್ತಿ ತುಳಿದರೆ, ಅಂದರೆ ನೂರರಲ್ಲಿ ತೊಂಬತ್ತು ದಾಟಿದರೆ, ಡಬ್ಬಿ ಪಕ್ಕಕ್ಕೆ ಸರಿದು ಕೇಳಿದ್ದನ್ನೆಲ್ಲ ಕೊಟ್ಟುಬಿಡುತ್ತದೆ. ಅಪಾಯದ ಹೊತ್ತಿಗೆ ಬೇಕಲ್ಲ, ನಾನೇನು ದಡ್ಡಿಯಲ್ಲ.

ಸೋಮವಾರ, 6 ಜೂನ್

ಕಾರಿನ ಒಳಗೆ ಗುಡಿಸಿ ಕೊಡ್ತೀನಿ ಅಂತ ಡಿಯಾನಳಿಂದ ಕೀಲಿ ಇಸಕೊಂಡೆ. ಪೆಡಲಿನ ಮೇಲ್ಗಡೆ, ಯಾರೂ ಬಗ್ಗಿ ನೋಡದ ಜಾಗದಲ್ಲಿ ಕೂರಿಸಿದೆ. ಇಪ್ಪತ್ತು ನಿಮಿಷದ ಕೆಲಸ. ಗುಡಿಸಲೂ ಗುಡಿಸಿದೆ, ಸುಳ್ಳು ಯಾಕೆ ಆಗಬೇಕು.

ಯಾರಿಗೂ ಹೇಳಿಲ್ಲ. ಹೇಳಿದರೆ ಸಭೆ, ಸಭೆಯಲ್ಲಿ ಪೇಸ್ಟಿ, ಪೇಸ್ಟಿ ಮೇಲೆ ಜೋಕು.

ಶುಕ್ರವಾರ, 17 ಜೂನ್

ಮರ್ವ್‌ನ ಮೂರು ಟ್ರಿಪ್: 4.9, 4.8, 4.8. ಅಡುಗೆಮನೆಯಲ್ಲಿ ಒಬ್ಬಳೇ ಕುಣಿದೆ, ಸೊಂಟ ಹಿಡಿದುಕೊಂಡಿತು.

ಆದರೆ ಆ ಮನುಷ್ಯನ ಜಂಬ ನೋಡಬೇಕು! ಪೆಟ್ರೋಲ್ ಬಂಕಿನ ಮುಂದೆ ನನ್ನನ್ನು ತಡೆದು ನಿಲ್ಲಿಸಿದ. "ನೋಡಿದ್ಯಾ ಗ್ವೆನ್? ನಾಲ್ಕು ಪಾಯಿಂಟ್ ಎಂಟು! ನೀನು ಮೊಟ್ಟೆ ಮೊಟ್ಟೆ ಅಂತಿದ್ದೆ, ನಾನು ಮನಸ್ಸು ಮಾಡಿದ್ರೆ ಮೊಟ್ಟೆ ಮೇಲೆ ಕೋಳೀನೂ ಕೂರಿಸ್ತೀನಿ." ಎಲಾ ಇವನಾ! ನನ್ನ ಡಬ್ಬಿಯ ಬೆವರನ್ನು ತನ್ನ ಹಣೆಗೆ ಹಚ್ಚಿಕೊಂಡಿದ್ದಾನೆ. 

"ಕಾರು ಮಾತ್ರ ಸ್ವಲ್ಪ ಸೋಮಾರಿ ಆಗಿದೆ ಕಣೇ, ಅದಕ್ಕೂ ನನ್ನ ಹಾಗೆ ವಯಸ್ಸಾಯ್ತು" ಅಂದ ಹೊರಡುವಾಗ. ನಗು ಬಂತು.

ಗುರುವಾರ, 30 ಜೂನ್

ಹದಿನಾರು ಟ್ರಿಪ್. ಯಾರೂ ಬಸ್ ಹತ್ತಲಿಲ್ಲ. ನೋಲಾ ನಾಲ್ಕೂ ಮಂಗಳವಾರ ಕಾರಿನಲ್ಲೇ ಹೋಗಿ ಬಂದಳು.

ಸಭೆಯಲ್ಲಿ ಮರ್ವ್‌ಗೆ ಚಪ್ಪಾಳೆ. ನಾನೂ ತಟ್ಟಿದೆ, ಎರಡೇ ಎರಡು ಸಲ.

ಮಂಗಳವಾರ, 12 ಜುಲೈ

ಹೇಳಿದ್ದೆ. ಎಷ್ಟು ಸಲ ಹೇಳಿದ್ದೆ ಈ ಮನುಷ್ಯ ಕಾರು ಓಡಿಸೋದು ಸರಿಯಿಲ್ಲ ಅಂತ!

ಪೋರ್ಟ್ ವೇಕ್‌ಫೀಲ್ಡ್ ಹತ್ತಿರ ನಮ್ಮ ರಸ್ತೆ ದೊಡ್ಡ ಹೆದ್ದಾರಿಗೆ ಸೇರುವ ಕಡೆ ಇವತ್ತು ನೋಲಾಳನ್ನೂ ತನ್ನನ್ನೂ ಕೊಲ್ಲುವುದರಲ್ಲಿದ್ದ. ಅಲ್ಲಿ ಅಡಿಲೇಡಿನ ಕಡೆ ತಿರುಗಬೇಕಾದರೆ ಒಂದು ಸಾಲು ದಾಟಿ ಆಚೆ ಸಾಲಿಗೆ ನುಗ್ಗಬೇಕು. ಪೋರ್ಟ್ ಅಗಸ್ಟಾ ಕಡೆಯಿಂದ ಎರಡು ಟ್ರೈಲರ್ ಎಳೆದುಕೊಂಡು ಟ್ರಕ್ಕುಗಳು ನೂರು ನೂರಹತ್ತರಲ್ಲಿ ಬರುತ್ತಿರುತ್ತವೆ. ಮರ್ವ್ ಹೊರಟಿದ್ದಾನೆ, ಕಾರು ರಸ್ತೆ ನಡುವೆ ತೆವಳಿದೆ, ಟ್ರಕ್ಕಿನವನು ಬ್ರೇಕ್ ಹಾಕಿ ಪಕ್ಕದ ಮಣ್ಣಿಗೆ ಇಳಿಸಿಕೊಂಡಿದ್ದಾನೆ. ಹಾರ್ನ್ ಶಬ್ದ ಇನ್ನೂ ಕಿವಿಯಲ್ಲಿದೆ ಅಂದಳು ನೋಲಾ ಫೋನಿನಲ್ಲಿ. 

"ಬೈಬೇಡ ಅವನ್ನ. ಪಾಪ, ಮುಖ ಸುಣ್ಣದ ಹಾಗಾಗಿತ್ತು ಗ್ವೆನ್. ದಾರಿಯುದ್ದಕ್ಕೂ ಕಥೆ ಹೇಳೋನು, ಆಸ್ಪತ್ರೆ ಬರೋವರೆಗೂ ಒಂದು ಕಥೆ ಹೇಳ್ಲಿಲ್ಲ."

ಕಥೆ ಬೇರೆ ಕೇಡು! ನಲವತ್ತೊಂದು ವರ್ಷದ ಲಾರಿ, ಒಂದೂ ಅಪಘಾತವಿಲ್ಲ ಅಂತ ಮೀಸೆ ತಿರುವುತ್ತಿದ್ದವನು. ಟ್ರಕ್ ಎಷ್ಟು ದೂರದಲ್ಲಿದೆ ಅಂತ ಕಣ್ಣಿಗೆ ಕಾಣದಿದ್ದರೆ ಮನೆಯಲ್ಲಿ ಕೂತು ಟಿವಿ ನೋಡಲಿ. ನಾಳೆ ಅವನ ಮನೆಗೇ ಹೋಗಿ ಮುಖದ ಮೇಲೆ ಹೊಡೆದ ಹಾಗೆ ಹೇಳಿ ಬರುತ್ತೇನೆ.

ಬುಧವಾರ, 13 ಜುಲೈ

ಹೋದೆ.

ಮರ್ವ್ ಹಿತ್ತಲಲ್ಲಿ ಕೂತಿದ್ದ, ಚಳಿಯಲ್ಲಿ, ಬರೀ ಕಾಲುಚೀಲದಲ್ಲಿ. ಬೈಗುಳವನ್ನೆಲ್ಲ ದಾರಿಯಲ್ಲೇ ಜೋಡಿಸಿಕೊಂಡು ಬಂದಿದ್ದೆ. ನಾನು ಬಾಯಿ ತೆಗೆಯೋ ಮುಂಚೆ ಅವನೇ ಶುರು ಮಾಡಿದ.

"ಗ್ವೆನ್, ಜಾಗ ಇತ್ತು. ಆ ಟ್ರಕ್ ದೂರ ಇತ್ತು ಕಣೇ. ಅಂಥ ಜಾಗದಲ್ಲಿ ಇಪ್ಪತ್ತು ಟನ್ ಗೋಧಿ ಹಾಕ್ಕೊಂಡು ದಾಟಿದೀನಿ ನಾನು. ನೆಲಕ್ಕೆ ಒತ್ತಿದೆ ಅಂದ್ಕೊಂಡೆ. ಪೂರಾ ನೆಲಕ್ಕೆ. ಆದ್ರೆ ಕಾರು ಏಳ್ಲೇ ಇಲ್ಲ. ಯಾರೋ ಹಿಂದಿಂದ ಹಿಡ್ಕೊಂಡ ಹಾಗೆ." ಬಲಗಾಲನ್ನು ಮುಂದೆ ಚಾಚಿ ನೋಡಿದ. "ಕಾಲು ಒತ್ತೇ ಇಲ್ಲ, ಅಷ್ಟೇ. ಒತ್ತಿದೀನಿ ಅಂತ ತಲೆ ಅಂದ್ಕೊಂಡಿದೆ, ಕಾಲಿಗೆ ಸುದ್ದಿ ಮುಟ್ಟಿಲ್ಲ. ನಮ್ಮಪ್ಪನಿಗೂ ಹೀಗೇ ಶುರುವಾಗಿದ್ದು."

ಡಬ್ಬಿ ನೆನಪಾಯಿತು. ಏನೋ ಗೊಣಗಿ ಎದ್ದು ಬಂದೆ. ಡಿಯಾನಳ ಹತ್ತಿರ ಕೀಲಿ ಕೇಳಿದೆ, ಇನ್ನೊಂದು ಸಲ ಗುಡಿಸುತ್ತೇನೆ ಅಂತ. ಕಾರೊಳಗೆ ಕೂತು ತಂತಿಗೆ ಮೀಟರ್ ಸಿಕ್ಕಿಸಿ ಪೆಡಲನ್ನು ಒತ್ತಿದೆ. ನೆಲ ಮುಟ್ಟುವ ತನಕ.

ಎಂಬತ್ತೆಂಟು.

ಇನ್ನೊಂದು ಸಲ ಒತ್ತಿದೆ, ಎರಡೂ ಕಾಲು ಇಟ್ಟು, ಸೀಟಿನಿಂದ ಎದ್ದು. ಎಂಬತ್ತೆಂಟು. ಈ ಕಾರಿನ ಪೆಡಲ್ ನೆಲ ಮುಟ್ಟಿದರೂ ತೊಂಬತ್ತು ಮುಟ್ಟುವುದಿಲ್ಲ. ಕಾಗದದ ಮೇಲೆ ಐದು ವೋಲ್ಟ್ ಅಂದರೆ ನೂರು ಅಂತ ಹಿಡಿದು ತೊಂಬತ್ತಕ್ಕೆ ಗಡಿ ಹಾಕಿದವಳು ನಾನು. ಡಬ್ಬಿ ಪಕ್ಕಕ್ಕೆ ಸರಿದದ್ದೇ ಇಲ್ಲ, ಯಾವತ್ತೂ. ಮರ್ವ್ ಜೀವ ಬಿಟ್ಟು ಒತ್ತಿದಾಗಲೂ ಅದು ಅವನಿಗೆ ಅರ್ಧ ಚಿಲ್ಲರೆ ಕೊಟ್ಟು ಕಳಿಸಿದೆ.

ಕೂರಿಸಿದ ದಿನ ಒಂದೇ ಒಂದು ಸಲ ನೆಲಕ್ಕೆ ಒತ್ತಿ ನೋಡಿದ್ದರೆ ತಿಳಿಯುತ್ತಿತ್ತು. ನೋಡಲಿಲ್ಲ. ಹೊಳೆಯಲೇ ಇಲ್ಲ! ಹನ್ನೊಂದು ವರ್ಷದಿಂದ ಹೈಬ್ರಿಡ್ ಓಡಿಸುತ್ತಿದ್ದೇನೆ, ಪೆಡಲನ್ನು ನೆಲಕ್ಕೆ ಒತ್ತಿದ್ದು ಇವತ್ತೇ ಮೊದಲು. ಹಾಗೆ ಒತ್ತುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ.

ಗುರುವಾರ, 14 ಜುಲೈ

ಡಬ್ಬಿ ತೆಗೆದುಬಿಟ್ಟೆ. ತಂತಿ ಮೊದಲಿದ್ದ ಹಾಗೇ ಜೋಡಿಸಿದೆ. ಕಾರಿಗೆ ಇನ್ನೇನೂ ತೊಂದರೆ ಇಲ್ಲ. ಯಾರಿಗೂ ಏಟಾಗಿಲ್ಲ. ಮುಗಿಯಿತು.

ಡಿಯಾನ್ ಮೆಕ್ಯಾನಿಕ್ಕಿನ ಹತ್ತಿರ ತೋರಿಸಿದಳಂತೆ. "ಕಾರಲ್ಲಿ ಏನೂ ದೋಷ ಇಲ್ವಂತೆ ಗ್ವೆಂಡಾ, ದೇವರ ದಯ" ಅಂದಳು. ನೀವೇ ಹೇಳಿ, ಇದಕ್ಕೆ ನಾನು ಏನನ್ನಬೇಕು? ನೀವು ಅಂತ ಯಾರಿಗೆ ಬರೆಯುತ್ತಿದ್ದೇನೋ.

ಮಂಗಳವಾರ, 19 ಜುಲೈ

ಆ ಮುದುಕ ಲೈಸೆನ್ಸ್ ವಾಪಸ್ ಕೊಟ್ಟುಬಿಟ್ಟಿದ್ದಾನೆ!

ಯಾರು ಹೇಳಿದರು ಇವನಿಗೆ? ಯಾರು ಕೇಳಿದರು? ಒಂದು ಸಲ ಹಾರ್ನ್ ಕೇಳಿದ್ದಕ್ಕೆ ಇಡೀ ಜನ್ಮವನ್ನೇ ಕೌಂಟರಿನಲ್ಲಿಟ್ಟು ಬರುವುದಾ? ನಿನ್ನೆ ಪಕ್ಕದೂರು ಕಡೈನಾದ ಲೈಸೆನ್ಸ್ ಆಫೀಸಿಗೆ ಹೋಗಿ ಅವನಾಗೇ ಕೊಟ್ಟನಂತೆ. ಕೌಂಟರಿನ ಹುಡುಗಿ, ಇನ್ನೊಮ್ಮೆ ಯೋಚನೆ ಮಾಡಿ ಸರ್, ಮತ್ತೆ ಬೇಕಂದರೆ ಕಲಿಯುವವರ ಪರ್ಮಿಟ್ಟಿನಿಂದ ಶುರು ಮಾಡಬೇಕು ಅಂದಳಂತೆ. ಇವನು, "ಯೋಚನೆ ಮಾಡೋಕೇ ಬಂದಿರೋದು ಕಣಮ್ಮ" ಅಂದನಂತೆ. ಪಿಕಪ್ ಗಾಡಿಯನ್ನೂ ಮಾರಿಬಿಟ್ಟಿದ್ದಾನೆ. ಮೂರು ದಿನದಲ್ಲಿ! ಮನೆಗೆ ಬಸ್ಸಿನಲ್ಲಿ ಬಂದನಂತೆ.

ಇಷ್ಟು ಅವಸರ ಇವನಿಗೆ ಯಾಕೆ ಅಂತ. ಒಂದು ವಾರ ಕಾದಿದ್ದರೆ ನಾನು ಏನಾದರೂ ಮಾಡುತ್ತಿರಲಿಲ್ಲವಾ?

ಗುರುವಾರ, 21 ಜುಲೈ

ಏನೂ ಮಾಡಲಿಲ್ಲ. ಎರಡು ಸಲ ಫೋನ್ ತೆಗೆದು ಇಟ್ಟೆ.

ಮಂಗಳವಾರ, 26 ಜುಲೈ

ಮರ್ವ್‌ನ ಸರದಿಗಳೆಲ್ಲ ನನಗೆ ಬಂದಿವೆ. ಇವತ್ತು ನೋಲಾಳನ್ನು ಕರೆದುಕೊಂಡು ಹೋದೆ. ಕುಲ್‌ಪಾರ ಅನ್ನೋ ಊರು ದಾಟುವವರೆಗೂ ರೇಡಿಯೋ ಹಾಕಿಟ್ಟೆ. ನನಗೆ ಮರ್ವ್‌ನ ಹಾಗೆ ಕಥೆ ಹೇಳಲು ಬರುವುದಿಲ್ಲ.

"ಅವನು ಈಗ ಬೆಳಿಗ್ಗೆ ಎದ್ದು ಇಸ್ತ್ರಿ ಶರ್ಟ್ ಹಾಕ್ಕೊಂಡು ಕೂತಿರ್ತಾನಂತೆ" ಅಂದಳು ನೋಲಾ. "ಎಲ್ಲೂ ಹೋಗೋಕಿಲ್ಲ, ಸುಮ್ನೆ. ಅಂಗಡಿಗೂ ನಡ್ಕೊಂಡೇ ಹೋಗ್ತಾನೆ. ರಸ್ತೆ ದಾಟೋಕೆ ಎಷ್ಟು ಹೊತ್ತು ನಿಲ್ತಾನೆ ಗೊತ್ತಾ? ಒಂದು ಸೈಕಲ್ ಬಂದ್ರೂ ನಿಲ್ತಾನೆ."

"ಅವನ ಕಾಲು ಸರಿಯಾಗೇ ಇದೆ" ಅಂದೆ. ಸಿಟ್ಟಿನಲ್ಲಿ ಜೋರಾಗಿ ಬಂತು.

"ನಿಂಗೇನು ಗೊತ್ತು? ಕುಡಿಯೋ ಲೋಟಾನ ಎರಡು ಸಲ ಮುಟ್ಟಿ ನೋಡ್ತಾನೆ, ಹಿಡಿದಿದೀನೋ ಇಲ್ವೋ ಅಂತ."

ಆ ಹೆದ್ದಾರಿ ಸೇರುವ ಜಾಗ ಬಂತು. ಟ್ರಕ್ ದೂರ ಇತ್ತು, ಜಾಗ ಇತ್ತು. ಒತ್ತಿದೆ. ಕಾರು ಚಂಗನೆ ಹಾರಿ ಆಚೆ ಸೇರಿತು. ನೋಲಾ ಸೀಟು ಹಿಡಿದುಕೊಂಡು, "ಅಯ್ಯಮ್ಮ! ಗ್ವೆನ್, ನೀನಾ ಇದು?" ಅಂದಳು. ಇವತ್ತು ಎಷ್ಟು ಲೀಟರ್ ಬಂತೋ ನೋಡಲು ಮರೆತೆ.

ಗುರುವಾರ, 28 ಜುಲೈ

ಬರೆದುಬಿಡುತ್ತೇನೆ, ನಡೆದದ್ದು ನಡೆದ ಹಾಗೆ.

ಸಭೆಗೆ ಮರ್ವ್‌ನನ್ನು ಡಿಯಾನ್ ಕರೆಸಿದ್ದಳು, ಬೀಳ್ಕೊಡುಗೆಗೆ. ಕೇಕ್ ಇತ್ತು. ಹದಿನಾಲ್ಕು ವರ್ಷದ ಸೇವೆಗೆ ಅಂತ ಒಂದು ಗೋಡೆ ಗಡಿಯಾರ. ಮರ್ವ್ ಇಸ್ತ್ರಿ ಶರ್ಟಿನಲ್ಲಿ ಬಂದಿದ್ದ. ಗಡಿಯಾರ ಇಸಕೊಂಡು, "ಥ್ಯಾಂಕ್ಸ್, ಇನ್ನು ನಂಗೆ ಟೈಮೇ ಟೈಮು" ಅಂದ. ಎಲ್ಲರೂ ನಕ್ಕರು, ನೋಲಾ ಅತ್ತಳು.

ನಾನು ಎದ್ದು ನಿಂತು ಡಬ್ಬಿಯನ್ನು ಕೇಕಿನ ಪಕ್ಕ ಇಟ್ಟೆ. ಪೆಪ್ಪರ್‌ಮಿಂಟ್ ಹಂಚುತ್ತೇನೆ ಅಂದುಕೊಂಡು ಡಿಯಾನ್ ಕೈ ಚಾಚಿದಳು.

"ಇದು ಕಾರಲ್ಲಿತ್ತು. ನಾನೇ ಇಟ್ಟಿದ್ದೆ, ಪೆಟ್ರೋಲ್ ಉಳೀಲಿ ಅಂತ. ಪೂರ್ತಿ ಒತ್ತಿದ್ರೂ ಇದು ಅರ್ಧಾನೇ ಕೊಡ್ತಿತ್ತು. ಮರ್ವ್, ಅವತ್ತು ನೀನು ಒತ್ತಿದ್ದೆ. ನೆಲಕ್ಕೇ ಒತ್ತಿದ್ದೆ."

 ಮರ್ವ್ ಡಬ್ಬಿ ಕೈಗೆ ತೆಗೆದುಕೊಂಡು ಮುಚ್ಚಳ ತೆಗೆದ, ಮುಚ್ಚಿದ.

"ಯಾವಾಗ ಗೊತ್ತಾಯ್ತು ನಿಂಗೆ?"

"ಮಾರನೇ ದಿನ."

"ನನ್ನ ಹಿತ್ತಲಿಗೆ ಬಂದಿದ್ಯಲ್ಲ, ಆವತ್ತಾ?"

"ಆವತ್ತೇ. ಅಲ್ಲಿಂದ ಬಂದ ಮೇಲೆ."

"ಅಂದ್ರೆ ಹದಿನಾರು ದಿನ."

"ಹದಿನೈದು" ಅಂದೆ. ನನ್ನ ನಾಲಿಗೆಗೆ ಬೆಂಕಿ ಬೀಳ, ಆ ಹೊತ್ತಿನಲ್ಲೂ ಲೆಕ್ಕ ತಿದ್ದಿದೆ.

ಬೈಯುತ್ತಾನೆ ಅಂದುಕೊಂಡಿದ್ದೆ. ಬೈದಿದ್ದರೆ ನಾನೂ ಎರಡು ಮಾತು ಅನ್ನಬಹುದಿತ್ತು, ನಿನ್ನ ಕಾಲು ಅಷ್ಟು ಭಾರ ಇಲ್ಲದಿದ್ದರೆ ಡಬ್ಬಿ ಯಾಕೆ ಬೇಕಿತ್ತು ಅಂತ. ಅದನ್ನೂ ಜೋಡಿಸಿ ಇಟ್ಟುಕೊಂಡಿದ್ದೆ, ಥೂ. ಅವನು ಡಬ್ಬಿಯನ್ನು ಮೇಜಿನ ಮೇಲಿಟ್ಟು, ಗಡಿಯಾರವನ್ನು ಅದರ ಪಕ್ಕದಲ್ಲಿಟ್ಟು, ಹೊರಟುಹೋದ. ಬಾಗಿಲ ಹತ್ತಿರ ಮೆಟ್ಟಿಲಿಳಿಯುವ ಮುಂಚೆ ನಿಂತು ಬಲಗಾಲನ್ನು ನೋಡಿ ಇಟ್ಟದ್ದು ಕಂಡೆ.

ಡಿಯಾನ್ ಮೊದಲ ಸಲ ದನಿ ಎತ್ತಿದಳು. "ಕಾಯಿಲೆಯವರನ್ನ ಕೂರಿಸ್ಕೊಂಡು ಹೋಗೋ ಕಾರು ಗ್ವೆಂಡಾ! ನಿಮಗೆ ಯಾರ್ರೀ ಅಧಿಕಾರ ಕೊಟ್ಟಿದ್ದು?" ಕಾರಿನ ಕೀಲಿ ನನ್ನಿಂದ ಇಸಕೊಂಡಳು. ಸರಿಯಾಗೇ ಮಾಡಿದಳು. ನೋಲಾ ನನ್ನ ಕಡೆ ತಿರುಗಲೂ ಇಲ್ಲ.

ಶನಿವಾರ, 6 ಆಗಸ್ಟ್

ಮರ್ವ್ ಬಾಗಿಲು ತೆಗೆಯುವುದಿಲ್ಲ. ಮೂರು ದಿನ ಹೋದೆ. ಕಿಟಕಿ ಪರದೆ ಅಲ್ಲಾಡುತ್ತದೆ, ಅಂದರೆ ಒಳಗಿದ್ದಾನೆ. ಪರ್ಮಿಟ್ಟಿನ ಅರ್ಜಿ ತಂದು, ನಾನೇ ತುಂಬಬಹುದಾದ್ದನ್ನೆಲ್ಲ ತುಂಬಿ, ಬಾಗಿಲ ಸಂದಿಯಲ್ಲಿ ತೂರಿಸಿ ಬಂದೆ. ಕೆಳಗೆ ಬರೆದೆ: ನನ್ನ ಮುಖ ನೋಡಬೇಡ, ಅರ್ಜಿ ನೋಡು.

ಕಾರಿಗೆ ಈ ತಿಂಗಳು ಪೆಟ್ರೋಲ್ ಸಾಲದು ಅಂತ ಊರಲ್ಲಿ ಮಾತು. ಅದು ಅವರ ತಲೆನೋವು ಅಂತ ಬರೆಯಲು ಹೊರಟೆ. ಅಲ್ಲ. ಕಡೇ ವಾರಕ್ಕೆ ನನ್ನ ಸ್ವಂತ ಕಾರು ಕೊಡುತ್ತೇನೆ ಅಂತ ಡಿಯಾನಳಿಗೆ ಚೀಟಿ ಕಳಿಸಿದೆ. ಓಡಿಸುವವರು ಬೇರೆ ಯಾರಾದರೂ ಆಗಲಿ ಅಂತಲೂ ಬರೆದೆ.

ಮಂಗಳವಾರ, 16 ಆಗಸ್ಟ್

ಬೆಳಿಗ್ಗೆ ಬಾಗಿಲಲ್ಲಿ ಮರ್ವ್. ಕೈಯಲ್ಲಿ ಡಾಕ್ಟರ ಸರ್ಟಿಫಿಕೇಟು, ಪರ್ಮಿಟ್ಟು, ಕಲಿಯುವವರು ಹಾಕಿಕೊಳ್ಳುವ ಹಳದಿ ಎಲ್ ಫಲಕ. ನಲವತ್ತೊಂದು ವರ್ಷ ಲಾರಿ ಓಡಿಸಿದವನ ಕೈಯಲ್ಲಿ ಎಲ್ ಫಲಕ! ನೋಡಿ ನನಗೆ ಬಂದ ಸಿಟ್ಟನ್ನು ಯಾರ ಮೇಲೆ ಹಾಕಲಿ? ಇದ್ದವಳು ನಾನೊಬ್ಬಳೇ.

"ಡಾಕ್ಟರು ಕಾಲು ಸರಿ ಅಂದ್ರು" ಅಂದ. "ಪರೀಕ್ಷೆಗೆ ಅಭ್ಯಾಸ ಮಾಡ್ಬೇಕು. ಗಾಡಿ ಮಾರಿದೀನಿ. ನೀನು ಕಾರು ಕೊಡ್ತೀಯ, ಪಕ್ಕದಲ್ಲಿ ಕೂರ್ತೀಯ. ಮಾತಾಡೋದೇನೂ ಬೇಡ."

"ನನ್ನ ಕಾರಲ್ಲೂ ಒಂದು ಡಬ್ಬಿ ಇದೆ" ಅಂದೆ.

"ಇರತ್ತೆ ಅಂತ ಗೊತ್ತಿತ್ತು. ಕೀಳು."

ಅವನ ಎದುರೇ ಅಂಗಾತ ಮಲಗಿ ಕಿತ್ತೆ. ಅವನು ಬಾಗಿ ತಂತಿ ತಂತಿ ನೋಡಿದ, ಬೆರಳಿಂದ ಮುಟ್ಟಿ ನೋಡಿದ. ಆಮೇಲೆ ಇಂಜಿನ್ ಮುಚ್ಚಳವನ್ನೂ ತೆಗೆಸಿ ನೋಡಿದ. ನನ್ನ ಮಾತು ಇನ್ನು ಅವನ ಹತ್ತಿರ ನಡೆಯುವುದಿಲ್ಲ.

ಶನಿವಾರ, 20 ಆಗಸ್ಟ್

ನಾಲ್ಕು ದಿನ ಊರೊಳಗೇ ಓಡಿಸಿದೆವು. ಇವತ್ತು ಹೆದ್ದಾರಿ.

ಮರ್ವ್ ಕಡೈನಾ ದಾಟಿದ ಮೇಲೂ ಎಪ್ಪತ್ತರ ಮೇಲೆ ಹೋಗಲಿಲ್ಲ. ಹಿಂದೆ ಕಾರುಗಳ ಸಾಲು. ಒಬ್ಬ ಹುಡುಗ ಪಕ್ಕದಿಂದ ದಾಟುತ್ತಾ ಎಲ್ ಫಲಕ ನೋಡಿ, ಆಮೇಲೆ ಮರ್ವ್‌ನ ಬಿಳೀ ತಲೆ ನೋಡಿ, ಬಿದ್ದು ಬಿದ್ದು ನಕ್ಕ. ಕಿಟಕಿ ಇಳಿಸಿ ಅವನಿಗೆ ಏನೇನೋ ಅಂದೆ, ಬರೆಯುವಂಥದ್ದಲ್ಲ. ಮರ್ವ್ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಅವನ ಬಲಗಾಲು ಪೆಡಲನ್ನು ಮುಟ್ಟಿಯೂ ಮುಟ್ಟದ ಹಾಗೆ ಇತ್ತು. ನಾನು ಹನ್ನೊಂದು ವರ್ಷ ಊರಿಗೆಲ್ಲ ಮಾಡಿದ ಪಾಠ ಇದೇ. ಕಲಿತವನು ಇವನೊಬ್ಬನೇ.

ಆ ಜಾಗ ಬಂತು. ಮರ್ವ್ ನಿಲ್ಲಿಸಿದ. ಒಂದು ಟ್ರಕ್ ಹೋಯಿತು. ಆಮೇಲೆ ರಸ್ತೆ ಖಾಲಿ, ಎಡಕ್ಕೂ ಬಲಕ್ಕೂ. ಅವನು ಹೊರಡಲಿಲ್ಲ. ಇನ್ನೊಂದು ಕಾರು ಹೋಯಿತು, ಮತ್ತೆ ಖಾಲಿ. ಹಿಂದಿನವನು ಹಾರ್ನ್ ಹೊಡೆದ.

"ಹೋಗು ಮರ್ವ್. ಜಾಗ ಇದೆ."

"ಕಾಣ್ತಿದೆ."

"ಹಾಗಾದ್ರೆ ಒತ್ತು! ಒತ್ತೋ ಮಾರಾಯ, ನೆಲಕ್ಕೆ ಒತ್ತು! ಎಷ್ಟು ಪೆಟ್ರೋಲ್ ಹೋದ್ರೂ ಹೋಗ್ಲಿ, ಒತ್ತು!"

ಅವನ ಹಣೆಯಲ್ಲಿ ಬೆವರು. ಆಗಸ್ಟ್ ಚಳಿಯಲ್ಲಿ ಬೆವರು. "ಆಗ್ತಿಲ್ಲ ಗ್ವೆನ್."

"ನಿನ್ನ ಕಾಲು ಸರಿಯಾಗಿದೆ. ಡಾಕ್ಟರು ಹೇಳಿದಾರೆ, ನಾನು ಹೇಳ್ತಿದೀನಿ."

"ಅದು ನಿಂಗೆ ಗೊತ್ತು, ಡಾಕ್ಟರಿಗೆ ಗೊತ್ತು. ನನ್ನ ಕಾಲಿಗೆ ಗೊತ್ತಿಲ್ಲ ಕಣೇ."

ಅಷ್ಟು ಹೇಳಿ ಎಡಕ್ಕೆ ಸಿಗ್ನಲ್ ಹಾಕಿದ. ಎಡಕ್ಕಾದರೆ ಯಾವ ಸಾಲನ್ನೂ ದಾಟಬೇಕಾಗಿಲ್ಲ. ಅಡಿಲೇಡಿಗೆ ಬೆನ್ನು ಹಾಕಿ ಅಷ್ಟು ದೂರ ಹೋಗಿ, ಸುತ್ತು ಹಾಕಿಕೊಂಡು, ಮನೆಗೆ ಬಂದೆವು. ದಾರಿಯುದ್ದಕ್ಕೂ ಬೈಯಲು ಒಬ್ಬರನ್ನಾದರೂ ಹುಡುಕಿದೆ, ಯಾರೂ ಸಿಗಲಿಲ್ಲ.

ನನ್ನ ಮನೆ ಮುಂದೆ ನಿಲ್ಲಿಸಿ ಕಾರು ಆರಿಸಿದಾಗ ಪರದೆಯ ಮೇಲೆ ಅಂಕಿ ಬಂತು. 4.1. ನಾನು ಯಾವತ್ತೂ ಮುಟ್ಟಿದ್ದಿಲ್ಲ ಅದನ್ನು, ಡಬ್ಬಿ ಇದ್ದಾಗಲೂ, ಮೊಟ್ಟೆ ಇಟ್ಟುಕೊಂಡ ಹಾಗೆ ಓಡಿಸಿದಾಗಲೂ. ಮರ್ವ್ ಕೂಡ ಅದನ್ನೇ ನೋಡುತ್ತಿದ್ದ.

"ನಿಂಗೆ ಬೇಕಾಗಿದ್ದು ಇದೇ ತಾನೆ?" ಅಂದ. ವ್ಯಂಗ್ಯ ಇರಲಿಲ್ಲ ದನಿಯಲ್ಲಿ, ಕೇಳಿದ ಅಷ್ಟೇ. ಕೀಲಿ ನನ್ನ ಕೈಗೆ ಕೊಟ್ಟು ನಡೆದುಕೊಂಡು ಹೊರಟ.

"ನಾಳೆ ಎಂಟಕ್ಕೆ!" ಅಂತ ಹಿಂದಿನಿಂದ ಕೂಗಿದೆ. ಕೈ ಎತ್ತಿದ. ಬರುತ್ತೇನೆ ಅಂತಲೋ, ಸಾಕು ಬಿಡು ಅಂತಲೋ ತಿಳಿಯಲಿಲ್ಲ. ಬರದಿದ್ದರೆ ಎಂಟೂ ಐದಕ್ಕೆ ನಾನೇ ಕಾರು ತೆಗೆದುಕೊಂಡು ಹೋಗಿ ಅವನ ಬಾಗಿಲಲ್ಲಿ ನಿಲ್ಲುತ್ತೇನೆ.